ಮಾಲಿನ ಮೇಲೆ ಕೂತವಳು

ಮೂರು ಕಾಲು ಉಜ್ಜಿ ಮುಗಿದಿತ್ತು. ನಾಲ್ಕನೆಯ ಕಾಲಿಗೆ ಬಗ್ಗಿದಾಗ ಗುಬ್ಬಿಯ ಸೊಂಟ ಒಲ್ಲೆ ಎಂದಿತು.

ಅದು ಆ ದಿನ ಒಲ್ಲೆ ಎಂದದ್ದು ಮೊದಲ ಸಲವೇನಲ್ಲ. ಬೆಳಗಿನಿಂದ ಹದಿನೇಳು ಕುರ್ಚಿ ಸಾಗಿದ್ದವು, ಹದಿನೇಳು ಸಲವೂ ಎಂದಿತ್ತು. ಆದರೆ ಈ ಸಲ ಬರೀ ಬಾಯಿಮಾತಿನ ಒಲ್ಲೆಯಲ್ಲ. ಸೊಂಟದ ಕೆಳಗೆ, ಎಡಗಡೆ, ಯಾರೋ ಕಾದ ತಂತಿ ಇಟ್ಟು ಅದನ್ನು ತೊಡೆಯವರೆಗೂ ಎಳೆದ ಹಾಗಾಯಿತು. ಗುಬ್ಬಿ ಬಗ್ಗಿದವಳು ಬಗ್ಗಿದಂತೆಯೇ ನಿಂತಳು. ಕೈಯಲ್ಲಿ ಮರ ಉಜ್ಜುವ ಉಪ್ಪುಕಾಗದ. ಮೂಗಿನಲ್ಲಿ ಮರದ ಪುಡಿ. ಹೊಟ್ಟೆಯೊಳಗೆ ಏಳು ತಿಂಗಳಿನದು ಒಂದು ಸಲ ಒದ್ದು, ಏನಾಯ್ತು ಎಂದು ಕೇಳಿತು.

"ಏನೇ, ಕಾಲಿಗೆ ನಮಸ್ಕಾರ ಮಾಡ್ತಿದೀಯಾ?" ಎಂದಳು ಪಕ್ಕದಲ್ಲಿದ್ದ ಕನ್ನಡಕದಕ್ಕ.

"ಏಳಕ್ಕೆ ಆಗ್ತಿಲ್ಲ ಅಕ್ಕ."

ಕನ್ನಡಕದಕ್ಕ ಅತ್ತಿತ್ತ ನೋಡಿ, ಗುಬ್ಬಿಯ ಕಂಕುಳಿಗೆ ಕೈ ಕೊಟ್ಟು ನೆಟ್ಟಗೆ ನಿಲ್ಲಿಸಿದಳು. ಅಷ್ಟರಲ್ಲಿ ಗಂಟೆ ಬಾರಿಸಿತು. ಇಬ್ಬರೂ ಮಾತು ಬಿಟ್ಟು ತಮ್ಮ ತಮ್ಮ ಕುರ್ಚಿಯನ್ನು ಎಡಕ್ಕೆ ನೂಕಿದರು. ಆ ಕುರ್ಚಿಯ ನಾಲ್ಕನೆಯ ಕಾಲು ಹಾಗೇ ಒರಟಾಗಿ ಮುಂದೆ ಹೋಯಿತು. ಅದರ ಮೇಲೆ ಯಾವ ದೊಡ್ಡ ಮನುಷ್ಯ ಕೂತು ಪಂಚೆ ಹರಿದುಕೊಂಡನೋ ಗೊತ್ತಿಲ್ಲ.

ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಕುರ್ಚಿ. ಬರೀ ಕುರ್ಚಿ. ಮುಂದಿನ ಶೆಡ್ಡಿನಲ್ಲಿ ಗಂಡಸರು ಮರ ಕೊಯ್ದು ಜೋಡಿಸುತ್ತಿದ್ದರು. ಹಿಂದಿನ ಶೆಡ್ಡಿನಲ್ಲಿ ನಲವತ್ತು ಹೆಂಗಸರು ಅದನ್ನು ಉಜ್ಜಿ, ಬಳಿದು, ಒರೆಸಿ ನುಣ್ಣಗೆ ಮಾಡುತ್ತಿದ್ದರು. ಉದ್ದಕ್ಕೆ ಒಂದು ಮೊಳಕಾಲೆತ್ತರದ ಹಲಗೆ. ಅದರ ಮೇಲೆ ಕುರ್ಚಿಗಳ ಸಾಲು. ನಾಲ್ಕು ನಿಮಿಷಕ್ಕೊಂದು ಗಂಟೆ. ಗಂಟೆ ಬಾರಿಸಿದರೆ ಪ್ರತಿಯೊಬ್ಬಳೂ ತನ್ನ ಮುಂದಿನದನ್ನು ಎಡಗಡೆಯವಳಿಗೆ ನೂಕಬೇಕು. ಒಬ್ಬಳಿಗೆ ಬೆನ್ನು, ಒಬ್ಬಳಿಗೆ ತೋಳು, ಒಬ್ಬಳಿಗೆ ಕಾಲು. ಇಡೀ ಕುರ್ಚಿಯನ್ನು ನೋಡಿದವಳು ಆ ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ನೋಡಲು ಪುರುಸೊತ್ತೂ ಇರಲಿಲ್ಲ.

ಗುಬ್ಬಿಯದು ಕಾಲು. ದಿನಕ್ಕೆ ನೂರಿಪ್ಪತ್ತು ಕುರ್ಚಿ, ನಾನೂರ ಎಂಬತ್ತು ಕಾಲು. ಆಳು ನೋಡಿದರೆ ಗುಬ್ಬಿಯೇ, ಹೆಸರಿಟ್ಟವರು ತಪ್ಪಿಟ್ಟಿರಲಿಲ್ಲ. ಹೊಟ್ಟೆ ಮಾತ್ರ ಅವಳಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿತ್ತು. ಹೊಟ್ಟೆ ಮುಂದಕ್ಕೆ ಎಳೆಯುವುದು, ಸೊಂಟ ಹಿಂದಕ್ಕೆ ಹಿಡಿಯುವುದು. ಇವೆರಡರ ಜಗಳದ ನಡುವೆ ಅವಳು ಬಗ್ಗಿ ಕಾಲು ಉಜ್ಜಬೇಕು.

ಆ ಶೆಡ್ಡಿನಲ್ಲಿ ಕೂರುವಂತಿರಲಿಲ್ಲ. ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು: ಮಾಲಿನ ಮೇಲೆ ಕೂರಬಾರದು. ಅದರ ಕೆಳಗೆ ನೂರಿಪ್ಪತ್ತು ಕುರ್ಚಿ.

*

ಸೊಂಟನೋವಿಗೆ ಮದ್ದು ಹೇಳದವರಿಲ್ಲ. ಬಳಿಯುವವಳು ಬಿಸಿನೀರಿನ ಚೀಲ ಇಡು ಎಂದಳು. ಒರೆಸುವವಳು ಬಿಸಿ ತಗಲಿಸಲೇಬೇಡ ಎಂದಳು. ಪಕ್ಕದ ಮನೆಯಾಕೆ ಗೋಡೆಗೆ ಬೆನ್ನು ಕೊಟ್ಟು ನಿಲ್ಲು ಎಂದಳು. ಎದುರು ಮನೆಯಾಕೆ ನಿಲ್ಲಲೇಬೇಡ ಎಂದಳು. ಗುಬ್ಬಿಯ ಗಂಡ ಬೇಕರಿಯಲ್ಲಿ ಹಿಟ್ಟು ನಾದುವವ. ನೀವೆಲ್ಲ ಸುಮ್ಮನಿರಿ, ಇದು ನನ್ನ ಕೆಲಸ ಎಂದು ಎಣ್ಣೆ ಕೈಯಲ್ಲಿ ಹೆಂಡತಿಯ ಸೊಂಟಕ್ಕೆ ಕೂತ. ಎರಡು ನಿಮಿಷವಾಗುವ ಹೊತ್ತಿಗೆ ಗುಬ್ಬಿ ಚೀರಿದಳು.

"ರೀ, ನಾನು ಹಿಟ್ಟಲ್ಲ ಕಣ್ರೀ!"

"ಮೆತ್ತಗೇ ನಾದಿದ್ನಲ್ಲೇ."

"ಮಡಚಿ ತಿರುವಿ ಹಾಕಕ್ಕೆ ಹೋದ್ರಲ್ಲ, ಅದಕ್ಕೇನು ಹೇಳ್ತೀರಿ?"

ಆಸ್ಪತ್ರೆಯ ಡಾಕ್ಟರಮ್ಮ ಮಾತ್ರ ಚೀಟಿ ಬರೆದಳು. ಹೊತ್ತುಗಟ್ಟಲೆ ನಿಲ್ಲಬಾರದು, ಬಗ್ಗಬಾರದು, ಕೂತು ಕೆಲಸ ಮಾಡಬೇಕು, ಎಡಮಗ್ಗುಲಿಗೆ ಮಲಗಿ ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳಬೇಕು. ಮನೆಯಲ್ಲಿದ್ದುದು ಎರಡು ದಿಂಬು. ಒಂದು ಗುಬ್ಬಿಯ ತಲೆಗೆ, ಇನ್ನೊಂದು ಮಂಡಿಗೆ. ಗಂಡ ಪ್ಯಾಂಟು ಮಡಚಿ ತಲೆಗಿಟ್ಟುಕೊಂಡ. ದಿಂಬಿನ ಮಾತು ಹೀಗೆ ಬಗೆಹರಿಯಿತು. ಉಳಿದದ್ದು ಕೂರುವ ಮಾತು.

ಗುಬ್ಬಿ ಚೀಟಿ ಹಿಡಿದು ಮೇಸ್ತ್ರಿಯ ಮುಂದೆ ನಿಂತಳು. ಮೇಸ್ತ್ರಿ ಕೆಟ್ಟವನೇನಲ್ಲ. ರೂಲು ಅಂದರೆ ಅವನಿಗೆ ಪ್ರಾಣ, ಅಷ್ಟೇ. ಚೀಟಿಯನ್ನು ಎರಡು ಸಲ ಓದಿ, ಹಿಂದೆ ಏನಾದರೂ ಬರೆದಿದೆಯೇ ಎಂದು ತಿರುಗಿಸಿ ನೋಡಿದ.

"ಕೂತು ಕೆಲಸ ಮಾಡು ಅಂತ ಬರೆದಿದ್ದಾರೆ. ಯಾವುದರ ಮೇಲೆ ಅಂತ ಬರೆದಿಲ್ಲ."

"ಒಂದು ಕುರ್ಚಿ ಕೊಟ್ರೆ ಸಾಕು ಸಾರ್."

"ಕುರ್ಚಿ ಎಲ್ಲಿಂದ ತರ್ಲಿ?"

ಗುಬ್ಬಿ ಅವನ ಹೆಗಲಿನಾಚೆ ನೋಡಿದಳು. ಅಲ್ಲಿ ಗೋಡೆಯಿಂದ ಗೋಡೆಯವರೆಗೆ, ನೆಲದಿಂದ ಸೂರಿನವರೆಗೆ ಕುರ್ಚಿಗಳಿದ್ದವು.

"ಅದೆಲ್ಲ ಮಾಲಮ್ಮ," ಎಂದ ಮೇಸ್ತ್ರಿ ತಾಳ್ಮೆಯಿಂದ. "ಕುರ್ಚಿ ಅಂತ ಇಲ್ಲಿ ಒಂದೂ ಇಲ್ಲ."

"ರಜಾನಾದ್ರೂ ಕೊಡಿ."

"ಹೆರಿಗೆ ರಜಾ ಬರೋದಕ್ಕೆ ಇನ್ನೂ ಆರು ವಾರ ಇದೆ. ಅಲ್ಲೀವರೆಗೂ ನಿಂತ್ರೆ ರಜಾನೂ ಉಂಟು, ವಾಪಸ್ ಬಂದಾಗ ಕೆಲಸಾನೂ ಉಂಟು. ಈಗಲೇ ಹೋದ್ರೆ ಎರಡೂ ಇಲ್ಲ. ನಿಂತ್ಕೋ. ಆರು ವಾರ ಏನು ಮಹಾ."

ಅವನ ಸೊಂಟವಲ್ಲವಲ್ಲ.

*

ಗುಬ್ಬಿಯ ಅತ್ತೆಯೂ ಅದೇ ಶೆಡ್ಡಿನವಳು. ಸಾಲಿನ ಕಟ್ಟಕಡೆಯಲ್ಲಿ, ಕುರ್ಚಿಯ ಪಾದಗಳಿಗೆ ಬಟ್ಟೆಯ ಬಿಲ್ಲೆ ಅಂಟಿಸುವುದು, ತಳಕ್ಕೆ ಚೀಟಿ ಹಚ್ಚುವುದು ಅವಳ ಕೆಲಸ. ಮೂವತ್ತು ವರ್ಷ ನಿಂತವಳು. ಮಾತು ಕಮ್ಮಿ. ಸಂಜೆ ಮನೆಯಲ್ಲಿ ಸೊಸೆ ಹೇಳಿದ್ದನ್ನೆಲ್ಲ ಕೇಳಿ, ಒಳಗೆ ಹೋಗಿ, ಅಟ್ಟದಿಂದ ಒಂದು ಸ್ಟೂಲು ಇಳಿಸಿ ತಂದಳು. ಧೂಳು ಒರೆಸಿದಳು. ನಾಲ್ಕು ಕಾಲಿನ ಗಟ್ಟಿ ಸ್ಟೂಲು.

"ಇದು ನಿಮ್ಮ ಮಾವ ಮಾಡಿದ್ದು. ಇವನು ಹೊಟ್ಟೇಲಿದ್ದಾಗ," ಎಂದು ಮಗನ ಕಡೆ ಗದ್ದ ಎತ್ತಿ ತೋರಿಸಿದಳು. "ಆಗ ನಾನೂ ಕಾಲು ಉಜ್ಜೋ ಕೆಲಸದಲ್ಲೇ ಇದ್ದೆ. ನನಗೂ ಇದೇ ನೋವು, ಇದೇ ಜಾಗದಲ್ಲಿ. ಕಾರ್ಖಾನೆ ಬಾಗಿಲು ದಾಟೋಕೆ ಬಿಡಲಿಲ್ಲ ಆಗಿನ ಮೇಸ್ತ್ರಿ."

"ಈಗಿನವರು ಬಿಡ್ತಾರಾ ಅತ್ತೆ?"

"ಕೇಳಿದ್ರೆ ತಾನೆ ಬಿಡೋದು, ಬಿಡದೇ ಇರೋದು."

ಸೋಮವಾರ ಬೆಳಿಗ್ಗೆ ಅತ್ತೆ ಸ್ಟೂಲನ್ನು ದೊಡ್ಡ ಬಟ್ಟೆಚೀಲಕ್ಕೆ ಹಾಕಿಕೊಂಡು ಹೊರಟಳು. ಗೇಟಿನವನು ತಡೆದ.

"ಏನಮ್ಮ ಇದು?"

"ಊಟದ ಡಬ್ಬಿ."

ಅವನು ಚೀಲ ಮುಟ್ಟಿ ನೋಡಿದ. "ನಾಲ್ಕು ಕಾಲಿದೆ?"

"ಬಸುರಿ ಹೆಂಗಸಿನ ಡಬ್ಬಿ ಕಣಪ್ಪ. ಸ್ವಲ್ಪ ದೊಡ್ಡದು."

ಗೇಟಿನವನಿಗೆ ಹೊರಗೆ ಹೋಗುವ ಮರವನ್ನು ತಡೆಯಬೇಕೆಂಬ ಆಜ್ಞೆಯಿತ್ತು. ಒಳಗೆ ಬರುವ ಮರದ ವಿಚಾರ ಯಾರೂ ಹೇಳಿರಲಿಲ್ಲ. ಬಿಟ್ಟ.

ಅಂದು ಬೆಳಗಿನ ಹೊತ್ತು ಗುಬ್ಬಿ ಕೂತು ಕಾಲು ಉಜ್ಜಿದಳು. ಹಲಗೆ ಮೊಳಕಾಲೆತ್ತರ, ಸ್ಟೂಲು ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಹೇಳಿ ಮಾಡಿಸಿದ್ದೇ ತಾನೆ. ಒಂದು ಕಾಲೂ ಒರಟು ಉಳಿಯಲಿಲ್ಲ. ಸೊಂಟ ಸುಮ್ಮನಿತ್ತು. ಹೊಟ್ಟೆಯೊಳಗಿನದೂ ನಿದ್ದೆ ಮಾಡಿತು. ಮೇಸ್ತ್ರಿಯ ಚಪ್ಪಲಿ ಸದ್ದು ಕೇಳಿದರೆ ಕನ್ನಡಕದಕ್ಕ ಕೆಮ್ಮುವಳು, ಗುಬ್ಬಿ ಎದ್ದು ನಿಲ್ಲುವಳು, ಸೀರೆಯ ನೆರಿಗೆ ಸ್ಟೂಲನ್ನು ಮುಚ್ಚುವುದು.

ಕೆಟ್ಟದ್ದು ಮಧ್ಯಾಹ್ನ. ಗುಬ್ಬಿ ಶೌಚಕ್ಕೆ ಹೋಗಿದ್ದಳು. ಅಲ್ಲಿ ಕುಕ್ಕುರುಗಾಲಿನಲ್ಲಿ ಕೂತವಳಿಗೆ ಏಳಲು ಹತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಶೆಡ್ಡಿನ ಆ ತುದಿಯಲ್ಲಿ ಮೇಸ್ತ್ರಿ ಕಾಣಿಸಿಕೊಂಡ. ಸ್ಟೂಲು ಬಯಲಲ್ಲಿ ನಿಂತಿತ್ತು. ಮುಚ್ಚಲು ಸೀರೆಯಿಲ್ಲ. ಕನ್ನಡಕದಕ್ಕನ ತಲೆ ಚುರುಕಾಗಿ ಓಡಿತು. ನೂರು ಕುರ್ಚಿಗಳ ನಡುವೆ ಒಂದು ಸ್ಟೂಲನ್ನು ಬಚ್ಚಿಡುವುದಕ್ಕೆ ಕುರ್ಚಿಗಳ ನಡುವಿಗಿಂತ ಒಳ್ಳೆಯ ಜಾಗ ಯಾವುದು? ಎತ್ತಿ ಹಲಗೆಯ ಮೇಲೆ, ಎರಡು ಕುರ್ಚಿಗಳ ಮಧ್ಯೆ ಇಟ್ಟಳು. ಮೇಸ್ತ್ರಿ ಬಂದ. ನೋಡಿದ. ಕಾಣಲಿಲ್ಲ. ಆಕಳಿಸಿ ಹೊರಟುಹೋದ.

ಗಂಟೆ ಬಾರಿಸಿತು.

ಆ ಶೆಡ್ಡಿನಲ್ಲಿ ಗಂಟೆ ಕೇಳುವುದು ಕಿವಿಗಲ್ಲ, ಕೈಗೆ. ಕನ್ನಡಕದಕ್ಕನ ಕೈ ತನ್ನ ಮುಂದಿದ್ದುದನ್ನು ಎಡಕ್ಕೆ ನೂಕಿತು. ಎಡಗಡೆಯವಳ ಕೈ ಅದನ್ನು ಇಸಿದುಕೊಂಡು ಉಜ್ಜಿತು. ಬಳಿಯುವವಳ ಕೈ ಬಳಿಯಿತು. ಒರೆಸುವವಳ ಕೈ ಒರೆಸಿತು. ಬೆನ್ನಿಗೆ ಮೆರುಗು ಹಾಕುವವಳು ಬೆನ್ನು ಹುಡುಕಿ, ಸಿಗದೆ, ಯಾರೋ ಆಗಲೇ ಮುಗಿಸಿದ್ದಾರೆ ಎಂದುಕೊಂಡು ಖುಷಿಯಿಂದ ಮುಂದಕ್ಕೆ ದಾಟಿಸಿದಳು. ಕೊನೆಗೆ ಅದು ಅತ್ತೆಯ ಮುಂದೆ ಬಂತು. ಅತ್ತೆ ಅದರ ನಾಲ್ಕು ಪಾದಗಳಿಗೂ ಬಿಲ್ಲೆ ಅಂಟಿಸಿ, ತಳಕ್ಕೆ ಕಾರ್ಖಾನೆಯ ಚೀಟಿ ಹಚ್ಚಿದಳು. ಕಟ್ಟುವವರು ಕಂದು ಕಾಗದ ಸುತ್ತಿದರು. ಕಾಗದ ಸ್ವಲ್ಪ ಮಿಕ್ಕಿದ್ದು ಕಂಡು ಅವರಿಗೂ ಸಂತೋಷವಾಯಿತು. ಸಂಜೆ ಲಾರಿ ಹೊರಟಿತು.

ಸ್ಟೂಲನ್ನು ಎಲ್ಲೋ ಬಚ್ಚಿಟ್ಟಿದ್ದಾರೆ ಎಂದುಕೊಂಡು ಸಂಜೆಯವರೆಗೆ ನಿಂತೇ ಉಜ್ಜಿದ ಗುಬ್ಬಿ, ಅದೆಲ್ಲಿ ಎಂದಾಗ ಕನ್ನಡಕದಕ್ಕ ತಲೆಯ ಮೇಲೆ ಕೈಯಿಟ್ಟುಕೊಂಡಳು. ಇಬ್ಬರೂ ಸಾಲಿನ ಉದ್ದಕ್ಕೂ ಹುಡುಕಿ ಅತ್ತೆಯವರೆಗೆ ಬಂದರು.

"ಅತ್ತೆ, ನಮ್ಮ ಸ್ಟೂಲು ಈ ಕಡೆ ಬಂತಾ?"

ಅತ್ತೆ ಬಹಳ ಹೊತ್ತು ಯೋಚಿಸಿದಳು.

"ನಾಲ್ಕು ಕಾಲಿತ್ತು," ಎಂದಳು ಕೊನೆಗೆ. "ಅಂಟಿಸಿದೆ."

ಇಪ್ಪತ್ತಾರು ವರ್ಷ ಅಟ್ಟದ ಮೇಲಿದ್ದ ಗಂಡನ ಸ್ಟೂಲನ್ನು ಸ್ವಂತ ಕೈಯಾರೆ ಬೀಳ್ಕೊಟ್ಟವಳು ಅವಳು. ಅಳಬೇಕೋ ನಗಬೇಕೋ ಗೊತ್ತಾಗದೆ ಅಂಟಿನ ಡಬ್ಬಿಯ ಮುಚ್ಚಳ ಹಾಕಿದಳು. ಆಮೇಲೆ ನಕ್ಕಳು. ನಲವತ್ತು ಹೆಂಗಸರೂ ನಕ್ಕರು. ಗುಬ್ಬಿ ಮಾತ್ರ ಎರಡು ಕೈಗಳನ್ನೂ ಸೊಂಟಕ್ಕೆ ಒತ್ತಿಕೊಂಡು, "ನಗಿಸಬೇಡ್ರೇ, ನಕ್ಕರೂ ನೋಯುತ್ತೆ" ಎಂದಳು.

*

ಮಂಗಳವಾರ ಬೆಳಿಗ್ಗೆ ಗಿರಾಕಿಯ ಫೋನು ಬಂತು. ನೂರ ಹತ್ತೊಂಬತ್ತು ಕುರ್ಚಿ ಬಂದಿವೆ, ಒಂದು ಸ್ಟೂಲು ಬಂದಿದೆ. ಸ್ಟೂಲು ಬಹಳ ಚೆನ್ನಾಗಿದೆ. ಅಂಥದ್ದು ಇನ್ನೂ ಆರು ಬೇಕು.

ಹತ್ತು ಗಂಟೆಗೆ ಗುಬ್ಬಿಗೆ ಸಾಹೇಬರ ಕೋಣೆಗೆ ಕರೆ ಬಂತು.

ಕೋಣೆಯಲ್ಲಿ ಆರು ಕುರ್ಚಿಗಳಿದ್ದವು. ಒಂದರ ಮೇಲೆ ಸಾಹೇಬರು. ಒಂದರ ಮೇಲೆ ಟೈಪಿನ ಹುಡುಗಿ. ಒಂದರ ಮೇಲೆ ಸಾಹೇಬರ ಕೋಟು. ಒಂದರ ಮೇಲೆ ಹಳೆಯ ಫೈಲುಗಳು. ಎರಡು ಖಾಲಿ, ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದಿರಲಿಲ್ಲ. ಮೇಸ್ತ್ರಿ ಗೋಡೆಗೆ ಅಂಟಿಕೊಂಡು ನಿಂತಿದ್ದ. ಗುಬ್ಬಿ ನಡುವೆ ನಿಂತಳು. ಸಾಹೇಬರು ಅರ್ಧ ಗಂಟೆ ಏನೋ ಓದಿದರು. ಕೋಟು ಆರಾಮವಾಗಿ ಕೂತಿತ್ತು.

"ನಿನ್ನದೇನಾ ಸ್ಟೂಲು?"

"ಹೌದು ಸರ್. ನಮ್ಮ ಮಾವ ಮಾಡಿದ್ದು."

"ಕಾರ್ಖಾನೆಗೆ ಯಾಕೆ ತಂದೆ?"

"ಸೊಂಟನೋವು ಸರ್. ಡಾಕ್ಟ್ರು ಚೀಟಿ ಕೊಟ್ಟಿದ್ದಾರೆ."

"ಎಲ್ಲರಿಗೂ ನೋವೇ. ನಮ್ಮ ಮನೆಯವಳೂ ಎರಡು ಹೆತ್ತಿದ್ದಾಳೆ. ಎಲ್ಲಿ ನೋವು? ತೋರ್ಸು."

ಗುಬ್ಬಿ ಬೆನ್ನ ಹಿಂದೆ ಕೈ ಇಟ್ಟು ತೋರಿಸಿದಳು.

"ಹಾಗಲ್ಲ. ಬಗ್ಗು. ನೆಲ ಮುಟ್ಟು. ಎಲ್ಲೀವರೆಗೂ ಬಗ್ಗಕ್ಕೆ ಆಗುತ್ತೆ ನೋಡೋಣ."

ಟೈಪಿನ ಹುಡುಗಿ ಟೈಪು ಮಾಡುವುದನ್ನು ನಿಲ್ಲಿಸಿದಳು. ಮೇಸ್ತ್ರಿ ಚಾವಣಿ ನೋಡಿದ. ಗುಬ್ಬಿಗೆ ಬಗ್ಗಬಾರದು ಎಂದು ಹೊಳೆಯಲೇ ಇಲ್ಲ. ದಿನಕ್ಕೆ ನಾನೂರ ಎಂಬತ್ತು ಸಲ ಬಗ್ಗುವ ಮೈ. ಬಗ್ಗು ಎಂದರೆ ಬಗ್ಗಿತು. ಹೊಟ್ಟೆ ತೊಡೆಗೆ ತಗುಲಿತು. ಬೆರಳು ನೆಲದಿಂದ ಒಂದು ಗೇಣು ಮೇಲೆ ನಿಂತಿತು. ತಂತಿ ಎಳೆಯಿತು. ಅವಳು ಹಾಗೇ ಉಳಿದಳು. ಸಾಹೇಬರ ಬೂಟು ಕಾಣುತ್ತಿತ್ತು. ಸಾಹೇಬರ ಕುರ್ಚಿಯ ನಾಲ್ಕು ಕಾಲೂ ಕಾಣುತ್ತಿದ್ದವು. ನಾಲ್ಕೂ ನುಣುಪಾಗಿದ್ದವು. ತಾನೇ ಉಜ್ಜಿದ್ದು. ಬಲಗಡೆಯ ಹಿಂದಿನ ಕಾಲಿನ ಸಣ್ಣ ಗಂಟು ಕೂಡ ಅವಳಿಗೆ ನೆನಪಿತ್ತು.

"ಬಗ್ಗಕ್ಕೆ ಆಗುತ್ತಲ್ಲ," ಎಂದರು ಸಾಹೇಬರು. "ಆಮೇಲಿನ್ನೇನು ನೋವು?"

ಯಾರೂ ಕೈ ಕೊಡಲಿಲ್ಲ. ಟೈಪಿನ ಹುಡುಗಿ ಏಳಬೇಕೆಂದು ಅರ್ಧ ಎದ್ದವಳು ಸಾಹೇಬರ ಮುಖ ನೋಡಿ ಕೂತಳು. ಗುಬ್ಬಿ ಮೇಜಿನ ಕಾಲು ಹಿಡಿದು, ಮಂಡಿ ಹಿಡಿದು, ತನ್ನನ್ನು ತಾನೇ ತುಂಡು ತುಂಡಾಗಿ ಮೇಲಕ್ಕೆತ್ತಿಕೊಂಡಳು. ಕಣ್ಣಲ್ಲಿ ನೀರು ಬಂದಿತ್ತು. ಅದು ನೋವಿನದಲ್ಲ. ಬಗ್ಗಿದೆನಲ್ಲ ಎಂಬ ಸಿಟ್ಟಿನದು.

"ಇಲ್ಲಿ ಕೆಲಸ ಮಾಡೋರು ನಿಂತು ಮಾಡಬೇಕು. ನಿಲ್ಲಕ್ಕೆ ಆಗಲ್ಲ ಅನ್ನೋರು ಮನೆಗೆ ಹೋಗಬಹುದು. ಹೋಗು."

ಗುಬ್ಬಿ ಹೋದಳು. ಮನೆಗಲ್ಲ. ನೇರ ಶೆಡ್ಡಿಗೆ ಬಂದಳು. ಸಾಲಿನ ತುದಿಯಲ್ಲಿ, ಬಿಲ್ಲೆ ಅಂಟಿಸಿ ಚೀಟಿ ಹಚ್ಚಿ ಹಲಗೆಯಿಂದ ಇಳಿಸಿಟ್ಟ ಕುರ್ಚಿಯೊಂದು ಕಟ್ಟುವವರಿಗಾಗಿ ಕಾಯುತ್ತಿತ್ತು. ಗುಬ್ಬಿ ಅದರ ಮುಂದೆ ನಿಂತಳು. ತಿರುಗಿದಳು. ಎರಡು ತೋಳುಗಳನ್ನೂ ಹಿಡಿದು ಮೆಲ್ಲಗೆ ಇಳಿದಳು.

ಕೂತಳು.

ಕೆಂಪಕ್ಷರದ ಕೆಳಗೆ, ಮಾಲಿನ ಮೇಲೆ, ಬೆನ್ನು ಒರಗಿಸಿ ಕೂತಳು. ಆರು ವರ್ಷದಿಂದ ಕುರ್ಚಿ ಮಾಡುತ್ತಿದ್ದವಳಿಗೆ ಕುರ್ಚಿ ಎಂದರೆ ಏನೆಂದು ಆಗ ಗೊತ್ತಾಯಿತು. ಚೆನ್ನಾಗಿತ್ತು.

ಹಿಂದೆಯೇ ಬಂದ ಮೇಸ್ತ್ರಿಯ ಮುಖ ಬಿಳಚಿಕೊಂಡಿತು.

"ಏಳು."

"ಏಳಲ್ಲ."

"ಅದು ಮಾಲು ಕಣಮ್ಮ!"

"ಈಗ ಕುರ್ಚಿ ಆಯ್ತು."

"ಏಳ್ತೀಯೋ ಇಲ್ವೋ?"

"ನಿಲ್ಲಿಸಿದ್ರಿ, ನಿಂತೆ. ಬಗ್ಗಿಸಿದ್ರಿ, ಬಗ್ಗಿದೆ. ಈಗ ಕೂತಿದೀನಿ. ಎತ್ತೋ ಹಾಗಿದ್ರೆ ಕುರ್ಚಿ ಸಮೇತ ಎತ್ಕೊಂಡು ಹೋಗಿ."

ಮೇಸ್ತ್ರಿ ಅತ್ತಿತ್ತ ನೋಡಿ ತೂಕದಣ್ಣನನ್ನು ಕೂಗಿದ. ತೂಕದಣ್ಣ ಆ ಶೆಡ್ಡಿನ ಒಬ್ಬನೇ ಗಂಡಾಳು. ಕುರ್ಚಿಯ ಗಟ್ಟಿತನ ನೋಡುವುದು ಅವನ ಕೆಲಸ. ನೂರು ಕಿಲೋಗೆ ಕಡಿಮೆಯಾಗದಂತೆ ಮೈ ಕಾಪಾಡಿಕೊಳ್ಳಬೇಕು, ಪ್ರತಿ ಹತ್ತನೆಯ ಕುರ್ಚಿಯ ಮೇಲೆ ಮೂರು ಸಲ ಕೂತು ಏಳಬೇಕು. ಶೆಡ್ಡಿನಲ್ಲಿ ಕೂರುವ ಹಕ್ಕಿದ್ದುದು ಅವನಿಗೊಬ್ಬನಿಗೇ. ಕೂತು ಕೂತು ಸಾಕಾಯಿತು ಎಂದು ದಿನಾ ಗೊಣಗುತ್ತಿದ್ದವನೂ ಅವನೊಬ್ಬನೇ.

"ಇವಳನ್ನ ಎಬ್ಬಿಸು," ಎಂದ ಮೇಸ್ತ್ರಿ.

ತೂಕದಣ್ಣ ಕುರ್ಚಿಯ ಸುತ್ತ ಒಂದು ಸುತ್ತು ಬಂದ. ಗುಬ್ಬಿಯ ಮುಖ ನೋಡಿದ. ಹೊಟ್ಟೆ ನೋಡಿದ. ಗಂಟಲು ಸರಿಮಾಡಿಕೊಂಡ.

"ಪರೀಕ್ಷೆ ನಡೀತಾ ಇದೆ ಮೇಸ್ತ್ರಿಗಳೇ."

"ಯಾವ ಪರೀಕ್ಷೆ?"

"ಕೂರೋ ಪರೀಕ್ಷೆ. ನಾನೇ ಹೇಳಿದ್ದು. ಇದು ಹತ್ತನೇ ಕುರ್ಚಿ."

"ಮೂರು ಸಲ ಕೂತು ಏಳಬೇಕು ಅಂತಲ್ವಾ ರೂಲು?"

"ಹೌದು. ಇದು ಮೊದಲನೇ ಸಲ. ಎಷ್ಟು ಹೊತ್ತು ಕೂತು ಏಳಬೇಕು ಅಂತ ರೂಲಲ್ಲಿ ಎಲ್ಲಿದೆ ತೋರ್ಸಿ."

ಮೇಸ್ತ್ರಿ ಜೇಬಿನಿಂದ ರೂಲಿನ ಪುಸ್ತಕ ತೆಗೆದ. ನಿಜವಾಗಿಯೂ ತೆಗೆದ. ಎಲೆ ತಿರುವಿದ. ಅದರಲ್ಲಿ ಹೊತ್ತಿನ ವಿಚಾರ ಇರಲಿಲ್ಲ. ಅವನು ಹುಡುಕುತ್ತಿದ್ದಾಗಲೇ ಗಂಟೆ ಬಾರಿಸಿತು. ಈ ಸಲ ಯಾರ ಕೈಯೂ ಏನನ್ನೂ ನೂಕಲಿಲ್ಲ. ಕನ್ನಡಕದಕ್ಕ ತನ್ನ ಮುಂದಿದ್ದ ಕುರ್ಚಿಯನ್ನು ಹಲಗೆಯಿಂದ ಇಳಿಸಿ, ಸೆರಗಿನಿಂದ ಒರೆಸಿ, ಕೂತಳು.

"ಇದೂ ಹತ್ತನೇದೇ," ಎಂದ ತೂಕದಣ್ಣ.

ಬಳಿಯುವವಳು ಕೂತಳು. ಒರೆಸುವವಳು ಕೂತಳು. ಹಸಿ ಬಣ್ಣದ ಮೇಲೆ ಕೂತವಳೊಬ್ಬಳು, ಏಳಲು ನೋಡಿ, ಅಂಟಿಕೊಂಡು, ಇನ್ನು ಯಾವ ಮೇಸ್ತ್ರಿ ಬಂದರೂ ನಾನು ಏಳುವ ಹಾಗಿಲ್ಲ ಎಂದು ಘೋಷಿಸಿದಳು. ಅತ್ತೆ ಎಲ್ಲರಿಗಿಂತ ಕೊನೆಗೆ ಕೂತಳು. ಕೂರುವ ಮುನ್ನ ಕುರ್ಚಿ ಮಗುಚಿ, ನಾಲ್ಕು ಪಾದಗಳ ಬಿಲ್ಲೆಯೂ ಸರಿಯಾಗಿದೆಯೇ ಎಂದು ನೋಡಿದಳು.

ನಲವತ್ತು ಹೆಂಗಸರು ಒಂದು ಗಂಟೆ ಕೂತರು. ಏನೂ ಮಾಡಲಿಲ್ಲ. ಕಾಲು ಚಾಚಿಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಕೆಲವರು ಅಷ್ಟು ವರ್ಷ ಜೊತೆಗಿದ್ದೂ ಒಬ್ಬರನ್ನೊಬ್ಬರು ಎದುರಿಗೆ ನೋಡಿದ್ದು ಅದೇ ಮೊದಲು.

*

ಬುಧವಾರ ಬಂದು ನೋಡಿದರೆ, ತಯಾರಾದ ಕುರ್ಚಿಗಳನ್ನೆಲ್ಲ ಮಗುಚಿ, ಕಾಲು ಮೇಲೆ ಮಾಡಿ, ಹಗ್ಗ ಕಟ್ಟಿದ್ದರು. ಯಾರೂ ಕೂರದಂತೆ. ನಲವತ್ತು ಜನರನ್ನೂ ಕಳಿಸಿದರೆ ಲಾರಿ ತುಂಬುವವರಾರು? ಅದಕ್ಕೆ ಮೂವತ್ತೊಂಬತ್ತು ಜನರನ್ನು ಕ್ಷಮಿಸಲಾಗಿದೆ ಎಂದು ಮೇಸ್ತ್ರಿ ಓದಿದ. ಗುಬ್ಬಿಗೆ ಬೇರೆ ಮಾತು. ಶನಿವಾರದವರೆಗೆ ಮನೆಯಲ್ಲಿರಬೇಕು. ಸೋಮವಾರ ಬಂದು, ಇನ್ನು ಕೂರುವುದಿಲ್ಲ ಎಂದು ಬರೆದುಕೊಟ್ಟರೆ ಒಳಗೆ. ಇಲ್ಲದಿದ್ದರೆ ಕೆಲಸವೂ ಇಲ್ಲ, ಹೆರಿಗೆ ರಜೆಯೂ ಇಲ್ಲ.

ಸಂಜೆ ಮನೆಯಲ್ಲಿ ಗುಬ್ಬಿ ಗೋಡೆಗೆ ಒರಗಿ ಕೂತಿದ್ದಳು. ಗಂಡ ಬಿಸಿನೀರಿನ ಚೀಲ ಹಿಡಿದು, ಎಲ್ಲಿಡಲಿ ಎಂದು ಕೇಳಲು ಹೆದರಿ ನಿಂತಿದ್ದ.

"ಬರೆದುಕೊಡ್ಲಾ ಅತ್ತೆ?"

ಅತ್ತೆ ಎದ್ದಳು. ಟ್ರಂಕಿನ ಮುಚ್ಚಳ ತೆಗೆದಳು. ಸೀರೆಗಳ ಕೆಳಗೆ ಒಂದು ಬಿಸ್ಕತ್ತಿನ ಡಬ್ಬಿ. ಡಬ್ಬಿಯಲ್ಲಿ ಒಂದು ಲಕೋಟೆ. ಲಕೋಟೆ ಹಳದಿಯಾಗಿತ್ತು. ವಿಳಾಸ ಬರೆದಿತ್ತು. ಅಂಟಿಸಿರಲಿಲ್ಲ.

"ಓದು."

ಗುಬ್ಬಿ ಓದಿದಳು. ದೊಡ್ಡ ದೊಡ್ಡ ಅಕ್ಷರ, ಹೊಸದಾಗಿ ಕಲಿತವರ ಅಕ್ಷರ.

"ಕಾರ್ಮಿಕ ಅಧಿಕಾರಿಗಳಿಗೆ ನಮಸ್ಕಾರ. ನಾನು ಕುರ್ಚಿ ಕಾರ್ಖಾನೆಯಲ್ಲಿ ಕಾಲು ಉಜ್ಜುವವಳು. ನನಗೆ ಈಗ ಏಳು ತಿಂಗಳು. ಸೊಂಟದ ಕೆಳಗೆ ಎಡಗಡೆ ತಡೆಯಲಾರದ ನೋವು. ಕೂತು ಕೆಲಸ ಮಾಡಬೇಕೆಂದು ಡಾಕ್ಟರು ಚೀಟಿ ಕೊಟ್ಟಿದ್ದಾರೆ. ಮೇಸ್ತ್ರಿಯವರು ಇಲ್ಲಿರುವುದೆಲ್ಲ ಮಾಲು, ಕುರ್ಚಿ ಇಲ್ಲ ಎನ್ನುತ್ತಾರೆ. ನಾನು ದಿನಕ್ಕೆ ಎಂಬತ್ತು ಕುರ್ಚಿ ಮಾಡುತ್ತೇನೆ. ನನಗೆ ಒಂದು ಸ್ಟೂಲು ಕೊಡಿಸಬೇಕಾಗಿ ಬೇಡಿಕೊಳ್ಳುತ್ತೇನೆ."

ಗುಬ್ಬಿ ಕಾಗದದಿಂದ ಕಣ್ಣೆತ್ತಿದಳು.

"ಯಾಕೆ ಕಳಿಸಲಿಲ್ಲ ಅತ್ತೆ?"

"ನಿಮ್ಮ ಮಾವ, ಕಾಗದ ಯಾಕೆ, ನಾನೇ ಸ್ಟೂಲು ಮಾಡಿಕೊಡ್ತೀನಿ, ತಡಿ ಅಂದರು. ತಡೆದೆ. ಸ್ಟೂಲು ಒಳಗೆ ಬಿಡಲಿಲ್ಲ. ಹೆರಿಗೆ ಆಗ್ಲಿ, ತಡಿ ಅಂದ್ಲು ನಮ್ಮಮ್ಮ. ತಡೆದೆ. ಮೇಸ್ತ್ರಿ ಬದಲಾಗ್ತಾರಂತೆ, ತಡಿ ಅಂದ್ರು ಜೊತೆಯವರು. ಮೇಸ್ತ್ರಿ ಬದಲಾದರು. ಹೊಸಬರು ಒಳ್ಳೆಯವರು ಅಂತಾರೆ, ನೋಡೋಣ, ತಡಿ ಅಂದ್ರು. ಸಾಲಲ್ಲಿ ಯಾರಿಗಾದ್ರೂ ಹೊಟ್ಟೆ ಕಂಡಾಗೆಲ್ಲ ತೆಗೆದು ಓದ್ತಿದ್ದೆ. ಮತ್ತೆ ಇಡ್ತಿದ್ದೆ."

"ಎಷ್ಟು ಸಲ?"

"ಹನ್ನೊಂದು ಹೆಂಗಸರು," ಎಂದಳು ಅತ್ತೆ. "ಇಬ್ಬರಿಗೆ ಮಗು ಉಳೀಲಿಲ್ಲ."

ಗಂಡ ಬಿಸಿನೀರಿನ ಚೀಲವನ್ನು ತನ್ನ ಎದೆಗೇ ಅವುಚಿಕೊಂಡಿದ್ದ.

"ಅಂದ್ರೆ, ಇದರಲ್ಲಿ ಏಳು ತಿಂಗಳು ಅಂತ ಇರೋದು ನಾನಾ?" ಎಂದು ಕೇಳಿದ.

"ನೀನೇ."

"ಆವಾಗಲೇ ಇಷ್ಟು ಕಾಟ ಕೊಟ್ಟಿದ್ನಾ?"

"ಈಗ್ಲೂ ಕೊಡ್ತಿದೀಯ. ಪೆನ್ನು ತಗೊಂಡು ಬಾ."

ಗುಬ್ಬಿ ಅದನ್ನೇ ಹೊಸ ಕಾಗದದಲ್ಲಿ ಬರೆದುಕೊಡುತ್ತೇನೆ ಎಂದಳು. ಅತ್ತೆ ಒಪ್ಪಲಿಲ್ಲ. ಬರೆದದ್ದರಲ್ಲಿ ಸುಳ್ಳೇನಿದೆ? ಒಂದಕ್ಷರ ಬದಲಾಯಿಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಎಂಬತ್ತು ಕುರ್ಚಿ ಎಂಬುದನ್ನು ಮಾತ್ರ ಹೊಡೆದು ನೂರಿಪ್ಪತ್ತು ಎಂದು ಮಾಡಿದಳು. ಆಮೇಲೆ ಕೆಳಗೆ ಉಳಿದಿದ್ದ ಜಾಗದಲ್ಲಿ, ನಾಲಗೆ ಕಚ್ಚಿಕೊಂಡು, ನಿಧಾನವಾಗಿ ಬರೆದಳು:

"ಮೇಲೆ ಹೊಟ್ಟೆಯಲ್ಲಿದೆ ಎಂದು ತಿಳಿಸಿರುವ ಮಗುವಿಗೆ ಈಗ ಇಪ್ಪತ್ತಾರು ವರ್ಷ. ಅವನ ಹೆಂಡತಿಗೆ ಏಳು ತಿಂಗಳು. ಅವಳೂ ಕಾಲು ಉಜ್ಜುವವಳು. ನೋವು ಅದೇ ಜಾಗದಲ್ಲಿ ಇದೆ. ಸ್ಟೂಲು ಇನ್ನೂ ಬಂದಿಲ್ಲ. ಕೂತದ್ದಕ್ಕೆ ಅವಳನ್ನು ಹೊರಗೆ ಹಾಕಿದ್ದಾರೆ."

ಗುರುವಾರ ಊಟದ ಹೊತ್ತಿಗೆ ಕಾಗದ ಶೆಡ್ಡಿನಲ್ಲಿ ಸುತ್ತು ಬಂತು. ಮೇಸ್ತ್ರಿಯ ಕಣ್ಣಿಗೆ ಬೀಳದ ಹಾಗೆ ಮಗುಚಿಟ್ಟ ಕುರ್ಚಿಗಳ ತಳದ ಮೇಲೆ ಇಟ್ಟು ಸಹಿ ಹಾಕಿದರು. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರು, ಮಸಿಗೆ ಮರದ ಬಣ್ಣವಿತ್ತು. ತೂಕದಣ್ಣ ತನ್ನದೂ ಇರಲಿ ಎಂದ.

"ನಿನಗ್ಯಾಕಣ್ಣ? ನೀನು ದಿನಾ ಕೂರೋನು," ಎಂದಳು ಕನ್ನಡಕದಕ್ಕ.

"ಕೂತು ಕೂತು ನನಗೂ ಸೊಂಟ ನೋವು ಕಣಮ್ಮ. ನನಗೆ ನಿಲ್ಲಕ್ಕೆ ಅವಕಾಶ ಕೊಡಿ ಅಂತ ಒಂದು ಸಾಲು ಸೇರ್ಸಿ."

ಸೇರಿಸಲಿಲ್ಲ. ಸಹಿ ಮಾತ್ರ ಹಾಕಿಸಿಕೊಂಡರು.

*

ಶನಿವಾರ ಅರ್ಧ ದಿನ. ಅತ್ತೆ ಕೆಲಸ ಮುಗಿಸಿ ಅದೇ ಸೀರೆಯಲ್ಲಿ, ಬೆರಳಲ್ಲಿ ಅಂಟು ಇರುವಂತೆಯೇ, ಸೊಸೆಯ ಜೊತೆ ಅಂಚೆ ಕಚೇರಿಗೆ ಬಂದಳು. ಬಾಗಿಲ ಬಳಿ ಅವಳ ಹೆಜ್ಜೆ ನಿಂತಿತು.

"ಏನತ್ತೆ?"

"ಸೋಮವಾರ ಒಂದು ದಿನ ನೋಡೋಣ್ವಾ? ಅವರೇ ಮನಸ್ಸು ಬದಲಾಯಿಸಿ..."

ಗುಬ್ಬಿ ಎರಡು ಕೈಗಳನ್ನೂ ಸೊಂಟಕ್ಕೆ ಕೊಟ್ಟು, ಹೊಟ್ಟೆ ಮುಂದೆ ಮಾಡಿ, ಅತ್ತೆಯನ್ನೇ ನೋಡಿದಳು. ಅತ್ತೆಯೇ ತಲೆ ಕೊಡವಿ ಒಳಗೆ ನಡೆದಳು.

ಸಾಲು ಉದ್ದವಿತ್ತು. ಕಿಟಕಿಯ ಹಿಂದಿದ್ದ ಗುಮಾಸ್ತ ಗುಬ್ಬಿಯನ್ನು ಕಂಡು, "ಅಮ್ಮ, ನೀವ್ಯಾಕೆ ನಿಂತಿದೀರಿ? ಅಲ್ಲಿ ಕುರ್ಚಿ ಇದೆಯಲ್ಲ, ಕೂತ್ಕೊಳ್ಳಿ" ಎಂದ. ಅಷ್ಟು ಸಲೀಸಾಗಿ ಎಂದ. ಗುಬ್ಬಿ ಹೋಗಿ ಕೂತಳು. ಅಭ್ಯಾಸಬಲದಿಂದ ಕೈ ಕೆಳಗೆ ಹೋಗಿ ಕಾಲು ಸವರಿತು. ನುಣುಪಾಗಿತ್ತು. ನಮ್ಮದೇ, ಎಂದು ಅತ್ತೆಗೆ ಸನ್ನೆ ಮಾಡಿದಳು. ಮತ್ತೊಂದು ಕಾಲು ಸವರಿದಳು. ಅದು ಒರಟಾಗಿತ್ತು. ಯಾವ ದಿನದ್ದೆಂದು ಅವಳಿಗೆ ಗೊತ್ತಾಯಿತು. ಸೀರೆ ಸಿಕ್ಕಿಕೊಳ್ಳದಂತೆ ಸರಿಸಿಕೊಂಡಳು.

ಅತ್ತೆಯ ಸರದಿ ಬಂತು. ಲಕೋಟೆಯನ್ನು ಕಿಟಕಿಯೊಳಗೆ ತಳ್ಳಿದಳು. ಬೆರಳಿನ ಅಂಟಿಗೆ ಅದು ಅಂಟಿಕೊಂಡು ಕೈ ಬಿಡಲಿಲ್ಲ. ಇನ್ನೊಂದು ಕೈಯಿಂದ ಬಿಡಿಸಿ ಕೊಟ್ಟಳು.

ಗುಮಾಸ್ತ ಹಳದಿ ಲಕೋಟೆಯನ್ನು ತಿರುಗಿಸಿ ನೋಡಿದ.

"ರಿಜಿಸ್ಟರಾ?"

"ಹೌದಪ್ಪ."

"ಅರ್ಜೆಂಟಾ?"

ಅತ್ತೆ ಒಂದು ಕ್ಷಣ ಯೋಚಿಸಿದಳು.

"ಹೌದಪ್ಪ," ಎಂದಳು. "ಸ್ವಲ್ಪ ಅರ್ಜೆಂಟು."

ಗುಮಾಸ್ತ ಮುದ್ರೆ ಎತ್ತಿ, ಧಡ್ ಎಂದು ಒತ್ತಿದ.